ಬಾಟಲಿಯೊಳಗೊಂದು ಬಾಳೆಹಣ್ಣು: ಸುಗಂಧದ ಎಸ್ಟರ್ ತಯಾರಿಸುವ ಬಗೆ

ಪಿಯುಸಿಯಲ್ಲಿ ವಿಜ್ಞಾನ ಓದಿದವರೆಲ್ಲ ಲ್ಯಾಬ್ ರೆಕಾರ್ಡಿನಲ್ಲಿ ಒಂದು ದಿನ ‘ಹಣ್ಣಿನ ವಾಸನೆ ಬಂದಿತು’ ಎಂದು ಬರೆದೇ ಇರುತ್ತಾರೆ. ನಿಜವಾಗಿ ಬಂದಿತ್ತೇ ಎಂದು ಮಾತ್ರ ಕೇಳಬೇಡಿ. ಪ್ರನಾಳಕ್ಕೆ ನಾಲ್ಕು ಹನಿ ಆಲ್ಕೋಹಾಲ್, ನಾಲ್ಕು ಹನಿ ಅಸಿಟಿಕ್ ಆಮ್ಲ, ಒಂದು ತೊಟ್ಟು ಸಲ್ಫ್ಯೂರಿಕ್ ಆಮ್ಲ ಹಾಕಿ ಬಿಸಿ ಮಾಡಿ ಮೂಗಿನ ಹತ್ತಿರ ತಂದರೆ ಮೊದಲು ಬಡಿಯುವುದು ವಿನೆಗರ್ ಘಾಟು. ಹಣ್ಣು ಅದರ ಹಿಂದೆಲ್ಲೋ ಅಡಗಿ ಕೂತಿರುತ್ತದೆ. ಪಕ್ಕದ ಬೆಂಚಿನವರ ರೆಕಾರ್ಡ್ ನೋಡಿ ಬರೆದುಕೊಂಡವರೇ ಹೆಚ್ಚು. ನಾನೂ ಆ ಗುಂಪಿನವನೇ.

ಆ ಘಾಟಿನಿಂದ ಹಣ್ಣನ್ನು ಬಿಡಿಸಿ ಹೊರತೆಗೆಯುವುದು ಹೇಗೆಂದು ಇಲ್ಲಿ ಹೇಳುತ್ತೇನೆ. ಆಲ್ಕೋಹಾಲೂ ಆಮ್ಲವೂ ಕೂಡಿ ಹುಟ್ಟುವ ಎಸ್ಟರ್ ಎಂಬ ವಸ್ತುವೇ ಆ ಹಣ್ಣಿನ ವಾಸನೆಯ ಮೂಲ. ಅದು ತಾನಾಗಿ ಆಗಿಬಿಡುತ್ತದೆ, ಒಂದು ಗಂಟೆಯ ಬಿಸಿ ಸಾಕು. ಕೈಕೆಲಸವಿರುವುದೆಲ್ಲ ಅದನ್ನು ತೊಳೆಯುವುದರಲ್ಲಿ. ಇನ್ನೊಂದು ಮಾತು: ಇದು ಅಡುಗೆಮನೆಯ ಪ್ರಯೋಗವಲ್ಲ. ಸಾಂದ್ರ ಆಮ್ಲವೂ ಬೆಂಕಿ ಹಿಡಿಯುವ ದ್ರವಗಳೂ ಒಟ್ಟಿಗಿರುವುದರಿಂದ ಕಾಲೇಜಿನ ಲ್ಯಾಬು, ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಗೂಡು), ಕನ್ನಡಕ, ಗ್ಲೌಸು, ಜೊತೆಗೆ ಒಬ್ಬ ಮೇಷ್ಟರು ಇರಲೇಬೇಕು.

ನಾವು ಮಾಡಹೊರಟಿರುವುದು ಐಸೋಅಮೈಲ್ ಅಸಿಟೇಟ್. ಬಾಳೆಹಣ್ಣಿನ ಎಸೆನ್ಸಿನ ಜೀವಾಳ ಇದೇ. 1851ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ನಡೆದ ಮಹಾ ವಸ್ತುಪ್ರದರ್ಶನದಲ್ಲಿ ಕೃತಕ ಹಣ್ಣಿನ ಎಸೆನ್ಸುಗಳನ್ನು ಇಟ್ಟಿದ್ದರು. ರಸಾಯನ ವಿಜ್ಞಾನಿ ಹಾಫ್‌ಮನ್ ಅವನ್ನು ಪರೀಕ್ಷಿಸಿ ಒಳಗೇನಿದೆ ಎಂದು ಬರೆದ. ಅಲ್ಲಿ ಈ ಎಸ್ಟರಿಗಿದ್ದ ಹೆಸರು ‘ಪೇರ್ ಎಣ್ಣೆ’. ಪೇರ್ ಎಂದರೆ ನಮ್ಮ ಪೇರಲೆಯಲ್ಲ, ಮರಸೇಬು. ಬಾಳೆಹಣ್ಣು ಆಗಿನ ಲಂಡನ್ನಿಗೆ ಅಪರೂಪ, ಹಾಗಾಗಿ ಅವರ ಮೂಗಿಗೆ ಅದು ಮರಸೇಬು. ಬಾಳೆಗೊನೆ ನೇತುಹಾಕಿದ ಅಂಗಡಿಗಳ ಮುಂದೆ ಬೆಳೆದ ನಮ್ಮ ಮೂಗಿಗೆ ಬಾಳೆ.

ಬೇಕಾದ ಸಾಮಾನು

ಐಸೋಅಮೈಲ್ ಆಲ್ಕೋಹಾಲ್ 15 ಮಿ.ಲೀ., ಗ್ಲೇಶಿಯಲ್ (ನೀರು ಬೆರೆಯದ) ಅಸಿಟಿಕ್ ಆಮ್ಲ 20 ಮಿ.ಲೀ., ಸಾಂದ್ರ ಸಲ್ಫ್ಯೂರಿಕ್ ಆಮ್ಲ 4 ಮಿ.ಲೀ. ತೊಳೆಯುವುದಕ್ಕೆ ನೀರು, ಶೇ 5ರ ಅಡುಗೆ ಸೋಡಾ ದ್ರಾವಣ, ಗಟ್ಟಿ ಉಪ್ಪುನೀರು; ಒಣಗಿಸಲು ನೀರಿನಂಶವಿಲ್ಲದ ಸೋಡಿಯಂ ಸಲ್ಫೇಟ್ ಪುಡಿ. 100 ಮಿ.ಲೀ. ರೌಂಡ್ ಬಾಟಮ್ ಫ್ಲಾಸ್ಕು, ಕಂಡೆನ್ಸರು, ಸೆಪರೇಟಿಂಗ್ ಫನೆಲ್ (ಬೆರೆಯದ ದ್ರವಗಳನ್ನು ಬೇರ್ಪಡಿಸುವ, ಕೆಳಗೆ ನಲ್ಲಿಯಿರುವ ಗಾಜಿನ ಪಾತ್ರೆ), ಥರ್ಮಾಮೀಟರು, ಹೀಟಿಂಗ್ ಮ್ಯಾಂಟಲ್ (ಫ್ಲಾಸ್ಕನ್ನು ಕೂರಿಸುವ ವಿದ್ಯುತ್ ಒಲೆ).

ಐಸೋಅಮೈಲ್ ಆಲ್ಕೋಹಾಲಿನ ಮುಚ್ಚಳ ತೆಗೆದರೆ ಕೆಮ್ಮು ಬರುತ್ತದೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಹುದುಗಿಸಿ ಬಟ್ಟಿ ಇಳಿಸುವಾಗ ಎಥನಾಲಿನ ಜೊತೆಗೆ ಉಳಿಯುವ ಫ್ಯೂಸೆಲ್ ಎಣ್ಣೆಯಲ್ಲಿ ಇದರದೇ ಸಿಂಹಪಾಲು. ಡಿಸ್ಟಿಲರಿಯ ನಾತ ಮತ್ತು ವಿನೆಗರಿನ ಹುಳಿ, ಈ ಎರಡು ಕೂಡಿದರೆ ಹಣ್ಣು. ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೂ ನನಗೆ ಇದು ಸೋಜಿಗವೇ.

ಕುದಿಸುವುದು

ಆಲ್ಕೋಹಾಲನ್ನೂ ಅಸಿಟಿಕ್ ಆಮ್ಲವನ್ನೂ ಫ್ಲಾಸ್ಕಿಗೆ ಹಾಕಿ. ಫ್ಲಾಸ್ಕನ್ನು ತಣ್ಣೀರಲ್ಲಿಟ್ಟು ಆಡಿಸುತ್ತಾ ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಬಿಡಿ. ಒಮ್ಮೆಗೇ ಸುರಿದರೆ ಕಾದು ಎಗರುತ್ತದೆ. ಎರಡು ಮೂರು ಪಿಂಗಾಣಿ ಚೂರು ಹಾಕಲು ಮರೆಯಬೇಡಿ, ಇಲ್ಲದಿದ್ದರೆ ದ್ರವ ಸದ್ದಿಲ್ಲದೆ ಕಾದು ಥಟ್ಟನೆ ಉಕ್ಕುತ್ತದೆ. ಕಂಡೆನ್ಸರನ್ನು ನೆಟ್ಟಗೆ ಮೇಲೆ ಕೂರಿಸಿ, ನೀರು ಬಿಟ್ಟು, ಒಂದು ಗಂಟೆ ಕುದಿಸಿ. ತಟ್ಟೆ ಮುಚ್ಚಿದ ಪಾತ್ರೆಯಲ್ಲಿ ಹಬೆ ಹನಿಗಟ್ಟಿ ಮತ್ತೆ ಸಾರಿಗೇ ಬೀಳುವ ಹಾಗೆ ಇಲ್ಲಿಯೂ ಆವಿಯೆಲ್ಲ ತಣಿದು ಫ್ಲಾಸ್ಕಿಗೇ ಮರಳುತ್ತದೆ. ಆದರೆ ಕಂಡೆನ್ಸರಿನ ಮೇಲ್ಬಾಯಿಯನ್ನು ಮಾತ್ರ ಮುಚ್ಚಕೂಡದು. ಬುನ್ಸೆನ್ ಬರ್ನರ್ ಬೇಡ, ಇವೆಲ್ಲ ಬೆಂಕಿ ಹಿಡಿಯುವ ದ್ರವಗಳು. ಬಣ್ಣ ಹಳದಿಗೆ, ಕಂದಿಗೆ ತಿರುಗಿದರೆ ಗಾಬರಿಯಾಗಬೇಡಿ.

ಅಸಿಟಿಕ್ ಆಮ್ಲ ಯಾಕೆ ಅಷ್ಟು ಜಾಸ್ತಿ? ಆಮ್ಲ, ಆಲ್ಕೋಹಾಲ್ ಸೇರಿ ಎಸ್ಟರ್ ಮತ್ತು ನೀರು ಆಗುವ ಹಾಗೆ, ಎಸ್ಟರ್ ಮತ್ತು ನೀರು ಸೇರಿ ಮತ್ತೆ ಹಿಂದಕ್ಕೂ ಹೋಗುತ್ತವೆ. ಎರಡನ್ನೂ ಸಮಸಮ ಹಾಕಿದರೆ ಸುಮಾರು ಮೂರರಲ್ಲಿ ಎರಡು ಪಾಲು ಎಸ್ಟರಾಗಿ ಕ್ರಿಯೆ ಸಮತೋಲಕ್ಕೆ ಬಂದುಬಿಡುತ್ತದೆ. ಯಾವುದಾದರೊಂದನ್ನು ಹೆಚ್ಚು ಸುರಿದು ತಕ್ಕಡಿಯನ್ನು ವಾಲಿಸಬೇಕು. ನಮ್ಮ ಅಳತೆಯಲ್ಲಿ ಅಸಿಟಿಕ್ ಆಮ್ಲದ ಅಣುಗಳು ಆಲ್ಕೋಹಾಲಿನ ಅಣುಗಳ ಎರಡೂವರೆ ಪಟ್ಟು ಇವೆ. ಆಮ್ಲವನ್ನೇ ಹೆಚ್ಚು ಹಾಕುವುದಕ್ಕೆ ಕಾರಣ ಸರಳ: ಅದು ಅಗ್ಗ, ಮೇಲಾಗಿ ಉಳಿದದ್ದು ನೀರಿಗೆ ಹೊರಟುಹೋಗುತ್ತದೆ. ಆಲ್ಕೋಹಾಲ್ ಉಳಿದರೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. 1895ರಲ್ಲಿ ರಸಾಯನ ವಿಜ್ಞಾನಿಗಳಾದ ಎಮಿಲ್ ಫಿಶರ್ ಮತ್ತು ಆರ್ಥರ್ ಸ್ಪೈಯರ್ ವಿವರಿಸಿದ ದಾರಿಯೇ ಇವತ್ತಿಗೂ ಪಠ್ಯದಲ್ಲಿರುವುದು.

ತೊಳೆಯುವುದು

ತಣ್ಣಗಾದ ಮೇಲೆ ಎಲ್ಲವನ್ನೂ ಸೆಪರೇಟಿಂಗ್ ಫನೆಲ್ಲಿಗೆ ಸುರಿದು 50 ಮಿ.ಲೀ. ತಣ್ಣೀರು ಹಾಕಿ ಅಲುಗಾಡಿಸಿ, ನಿಲ್ಲಲು ಬಿಡಿ. ಎರಡು ಪದರ ಕಾಣುತ್ತವೆ. ಎಸ್ಟರಿನ ಸಾಂದ್ರತೆ ಮಿಲಿ ಲೀಟರಿಗೆ 0.87 ಗ್ರಾಂ, ನೀರಿಗಿಂತ ಹಗುರ. ಆದ್ದರಿಂದ ಮೇಲೆ ತೇಲುವುದು ಅದೇ. ನಲ್ಲಿ ತಿರುಗಿಸಿ ಕೆಳಗಿನದನ್ನು ಬೇರೆ ಪಾತ್ರೆಗೆ ಇಳಿಸಿ.

ಓದುವಾಗ ಇದು ಎಷ್ಟು ಸುಲಭ! ಬಿ.ಎಸ್ಸಿ. ಎರಡನೇ ವರ್ಷದಲ್ಲಿ ನಾನು ಬೇಕಾದ ಪದರವನ್ನೇ ಸಿಂಕಿಗೆ ಸುರಿದು, ಉಳಿದ ಹುಳಿ ನೀರನ್ನು ಶ್ರದ್ಧೆಯಿಂದ ಅರ್ಧ ಗಂಟೆ ಬಟ್ಟಿ ಇಳಿಸಿದ್ದೇನೆ. ಕೆಳಗಿನ ಮಹಡಿಯ ಚರಂಡಿಯಲ್ಲಿ ಮೂರು ದಿನ ಬಾಳೆಹಣ್ಣು ಘಮಘಮಿಸಿತು, ಅಟೆಂಡರು ಯಾರು ಎಸೆನ್ಸ್ ಚೆಲ್ಲಿದ್ದೆಂದು ಹುಡುಕಾಡಿದರು. ಅಂದಿನಿಂದ ಒಂದು ಅಭ್ಯಾಸ. ಅನುಮಾನ ಬಂದರೆ ಫನೆಲ್ಲಿನೊಳಕ್ಕೆ ಒಂದು ಹನಿ ನೀರು ಬಿಡುತ್ತೇನೆ. ಅದು ಮೇಲಿನ ಪದರವನ್ನು ಗುಂಡಗೆ ದಾಟಿ ಇಳಿದು ಕೆಳಗಿನದರಲ್ಲಿ ಕರಗಿ ಮಾಯವಾದರೆ ಕೆಳಗಿರುವುದು ನೀರು. ಎಲ್ಲ ಮುಗಿಯುವವರೆಗೂ ಯಾವ ಪದರವನ್ನೂ ಎಸೆಯುವುದಿಲ್ಲ.

ಮುಂದೆ ಸೋಡಾ ದ್ರಾವಣ, ಸಾರಿಗೆ 25 ಮಿ.ಲೀ.ನಂತೆ ಎರಡು ಮೂರು ಸಾರಿ. ಉಳಿದ ಆಮ್ಲಕ್ಕೆ ಸೋಡಾ ತಗುಲಿ ಬುರಬುರ ನೊರೆ ಏಳುತ್ತದೆ. ಮೊದಲು ಬಿರಡೆ ಹಾಕದೆ ನಿಧಾನಕ್ಕೆ ಆಡಿಸಿ. ಆಮೇಲೆ ಬಿರಡೆ ಹಾಕಿ, ಫನೆಲ್ಲನ್ನು ತಲೆಕೆಳಗು ಮಾಡಿ, ನಲ್ಲಿ ತೆರೆದು ಅನಿಲ ಬಿಡಿ. ಆ ಬಾಯಿ ಯಾರ ಮುಖದ ಕಡೆಗೂ ಇರಬಾರದು. ನೊರೆ ನಿಂತು, ಕೆಳಗಿನ ನೀರಿಗೆ ಕೆಂಪು ಲಿಟ್ಮಸ್ ನೀಲಿಯಾದರೆ ಆಮ್ಲ ಹೋಯಿತು. ಕೊನೆಗೊಮ್ಮೆ ಉಪ್ಪುನೀರು. ಎಸ್ಟರಿನಲ್ಲಿ ಅಡಗಿರುವ ನೀರನ್ನು ಅದು ಬಹುಪಾಲು ಎಳೆದುಕೊಳ್ಳುತ್ತದೆ.

ಮೇಲಿನ ಪದರವನ್ನು ಒಣ ಫ್ಲಾಸ್ಕಿಗೆ ತೆಗೆದು ಸೋಡಿಯಂ ಸಲ್ಫೇಟ್ ಉದುರಿಸಿ. ಮೊದಲ ಚಮಚೆ ಒದ್ದೆ ಸಕ್ಕರೆಯಂತೆ ಗಂಟು ಕಟ್ಟಿ ತಳ ಹಿಡಿಯುತ್ತದೆ. ಹೊಸ ಪುಡಿ ಗಂಟಾಗದೆ, ಅಲುಗಿಸಿದಾಗ ಹಗುರಾಗಿ ತೇಲಾಡುವವರೆಗೂ ಹಾಕಿ. ಮಬ್ಬಾಗಿದ್ದ ದ್ರವ ಆ ಹೊತ್ತಿಗೆ ತಿಳಿಯಾಗಿರುತ್ತದೆ.

ಬಟ್ಟಿ ಇಳಿಸುವುದು

ಸೋಸಿ, ಹೊಸ ಪಿಂಗಾಣಿ ಚೂರು ಹಾಕಿ ಬಟ್ಟಿ ಇಳಿಸಿ. ಪುಸ್ತಕದಲ್ಲಿ ಕುದಿಬಿಂದು 142 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಬೆಂಗಳೂರಿನಲ್ಲಿ ಕಾಯುತ್ತಾ ಕೂತರೆ ಆ ಅಂಕಿ ಬರುವುದೇ ಇಲ್ಲ! ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರಿನಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು 97ರ ಸುಮಾರಿಗೆ, ನಮ್ಮ ಎಸ್ಟರ್ 138ರ ಆಸುಪಾಸಿಗೆ ಕುದಿಯುತ್ತದೆ. ಮಂಗಳೂರಿನ ವಿದ್ಯಾರ್ಥಿ 142 ಎಂದು ಬರೆದರೆ ಸರಿ, ಬೆಂಗಳೂರಿನವನು ಬರೆದರೆ ಪುಸ್ತಕ ನೋಡಿ ಬರೆದ ಎಂದೇ ಲೆಕ್ಕ. ಮೊದಲು ಬರುವ ಹನಿಗಳಲ್ಲಿ ನೀರು, ಉಳಿದ ಆಲ್ಕೋಹಾಲ್ ಇರುತ್ತವೆ. ಅವನ್ನು ಬೇರೆ ಇಡಿ. ಥರ್ಮಾಮೀಟರು ಏರಿ ಒಂದೆಡೆ ನಿಂತಾಗ ಬೀಳುವುದನ್ನು ಹಿಡಿಯಿರಿ, ಫ್ಲಾಸ್ಕು ಪೂರ್ತಿ ಒಣಗುವ ಮುಂಚೆ ನಿಲ್ಲಿಸಿ. ಲೆಕ್ಕದ ಪ್ರಕಾರ 20 ಮಿ.ಲೀ. ಆಗಬೇಕು, 13–14 ಸಿಕ್ಕರೆ ಕೈ ಚೆನ್ನಾಗಿದೆ ಎನ್ನಬಹುದು.

ಮೂಸಿ ನೋಡುವುದು

ಇಲ್ಲಿ ಬಹಳ ಮಂದಿಗೆ ನಿರಾಸೆಯಾಗುತ್ತದೆ. ಬಾಟಲಿಗೇ ಮೂಗು ಹಿಡಿದರೆ ನೇಲ್ ಪಾಲಿಶ್, ಪೇಂಟಿನ ಥಿನ್ನರ್ ನೆನಪಾಗುತ್ತದೆ (ಮೆರುಗೆಣ್ಣೆಗಳಲ್ಲಿ ಇದನ್ನು ದ್ರಾವಕವಾಗಿ ಬಳಸುವುದೂ ಉಂಟು). ಒಂದು ಹನಿಯನ್ನು ನೂರು ಹನಿ ಎಥನಾಲಿಗೆ ಹಾಕಿ, ಫಿಲ್ಟರ್ ಕಾಗದದ ಸಣ್ಣ ಪಟ್ಟಿ ಅದ್ದಿ, ಅರ್ಧ ನಿಮಿಷ ಆರಿಸಿ ಮೂಸಿ. ಹಣ್ಣು ಬಂತು. ಆದರೆ ಅದು ಮಿಠಾಯಿಯ ಬಾಳೆ, ನಂಜನಗೂಡಿನ ರಸಬಾಳೆಯಲ್ಲ. ನಿಜವಾದ ಹಣ್ಣಿನಲ್ಲಿ ಇನ್ನೂ ಹಲವು ಎಸ್ಟರುಗಳಿವೆ, ಲವಂಗದ ವಾಸನೆಯ ಯೂಜಿನಾಲ್ ಕೂಡ ಇದೆ. ಲವಂಗದ ಎಣ್ಣೆಯನ್ನು ಹೀಗೆಯೇ ನೂರಕ್ಕೊಂದರಂತೆ ತೆಳುವು ಮಾಡಿ, ಹತ್ತು ಹನಿ ಬಾಳೆಗೆ ಒಂದೇ ಹನಿ ಸೇರಿಸಿ ಮತ್ತೆ ಮೂಸಿ. ಕಾಯಿಯಂತಿದ್ದದ್ದು ಮಾಗುತ್ತದೆ.

ಹತ್ತು ನಿಮಿಷ ಬಿಟ್ಟು ನೋಡಿದರೆ ಪಟ್ಟಿಯ ಮೇಲೆ ಬಾಳೆಯ ಸುಳಿವು ಹೆಚ್ಚೇನೂ ಇರುವುದಿಲ್ಲ. ಇಷ್ಟು ಬೇಗ ಹಾರಿಹೋಗುವುದರಿಂದಲೇ ಪರ್ಫ್ಯೂಮ್ ತಯಾರಿಸುವವರು ಇದನ್ನು ಮೊದಲ ಘಮಕ್ಕಾಗಿ ಎಳ್ಳಷ್ಟು ಮಾತ್ರ ಬಳಸುತ್ತಾರೆ. ಹೆಚ್ಚು ಹೊತ್ತು ನಿಲ್ಲುವ ಅಸಿಟೇಟ್ ಬೇಕೆಂದರೆ ಬೆಂಝೈಲ್ ಅಸಿಟೇಟ್ ಇದೆ, ಕುದಿಬಿಂದು 212 ಡಿಗ್ರಿ. ಹಣ್ಣಿನ ಸಿಹಿಯ ಜೊತೆಗೆ ಅದರಲ್ಲಿ ಮಲ್ಲಿಗೆ ಇದೆ. ಮಲ್ಲಿಗೆಯ ಊದುಬತ್ತಿ ಹಚ್ಚಿದವರಿಗೆ ಪರಿಚಯದ ವಾಸನೆಯೇ.

ಲ್ಯಾಬಿನಲ್ಲಿ ಮಾಡಿದ್ದನ್ನು ಮೈಗೆ ಹಚ್ಚುವುದಾಗಲಿ ಐಸ್‌ಕ್ರೀಮಿಗೆ ಹಾಕುವುದಾಗಲಿ ಕೂಡದು. ಬಾಟಲಿಯ ಮೇಲೆ ಹೆಸರು, ದಿನಾಂಕ ಬರೆದು ಬಿಸಿಲು, ಬೆಂಕಿಯಿಂದ ದೂರ ಇಡಿ. ಮನೆಯಲ್ಲಿ ಜೇನುಪೆಟ್ಟಿಗೆ ಇದ್ದರೆ ಇನ್ನೊಂದು ಎಚ್ಚರಿಕೆ. ಜೇನುಹುಳ ಕುಟುಕುವಾಗ ಗೂಡಿನ ಇತರರನ್ನು ಕೆರಳಿಸಲು ಬಿಡುವ ವಾಸನೆಯಲ್ಲಿ ಇದೇ ಐಸೋಅಮೈಲ್ ಅಸಿಟೇಟ್ ಇದೆಯೆಂದು 1962ರಲ್ಲಿ ಗೊತ್ತಾಯಿತು. ಲ್ಯಾಬ್ ಕೋಟು ಒಗೆದು, ಸ್ನಾನ ಮಾಡಿ, ಆಮೇಲೆ ಪೆಟ್ಟಿಗೆಯ ಹತ್ತಿರ ಹೋಗಿ.