ತಪಸ್ಸು ಕಾಲದಲ್ಲಿ ದಿನಕ್ಕೊಂದು ಬಟ್ಟೆ

ಈಸ್ಟರ್‌ಗೆ ಮುಂಚಿನ ಕ್ರೈಸ್ತರ ಉಪವಾಸದ ದಿನಗಳೇ ತಪಸ್ಸು ಕಾಲ. ಅದರ ಮೊದಲ ದಿನವಾದ ಬೂದಿ ಬುಧವಾರ ಬಂತೆಂದರೆ ಮೀನು-ಮಾಂಸ ಬಿಡುವ ಲೆಕ್ಕ ಎಲ್ಲರ ಮನೆಯಲ್ಲೂ ಶುರು. ಅದರ ಜೊತೆಗೆ ಇದನ್ನೂ ಮಾಡಿ ನೋಡಿ: ಭಾನುವಾರಗಳನ್ನು ಬಿಟ್ಟರೆ ಈಸ್ಟರ್‌ವರೆಗೆ 40 ದಿನ, ದಿನಕ್ಕೊಂದು ಬಟ್ಟೆ ಕಪಾಟಿನಿಂದ ಹೊರಗೆ. ಆಧಾರ ಬೇಕೆಂದರೆ ಬೈಬಲಿನಲ್ಲಿ ಲೂಕ 3:11 ತೆಗೆದು ಓದಿ. ಎರಡು ಅಂಗಿ ಇದ್ದವನು ಇಲ್ಲದವನಿಗೆ ಒಂದನ್ನು ಕೊಡಬೇಕು ಅಂತ ಯೇಸುವಿಗೆ ದೀಕ್ಷಾಸ್ನಾನ ಕೊಟ್ಟ ಸ್ನಾನಿಕ ಯೊವಾನ್ನರು ನೇರವಾಗಿಯೇ ಹೇಳಿದ್ದಾರೆ. ನಮ್ಮಲ್ಲಿ ಎರಡೇ ಎಲ್ಲಿ, ಹಬ್ಬಕ್ಕೊಂದು, ಒಂಬತ್ತು ದಿನದ ಪ್ರಾರ್ಥನೆಯಾದ ನೊವೆನಾಕ್ಕೊಂದು, ಮದುವೆಗೆ ಮುಂಚಿನ ತೆಂಗಿನ ಹಾಲೆರೆಯುವ ರೋಸಿಗೊಂದು!

ಕೊಡುವುದಕ್ಕೂ ಒಂದು ರೀತಿ ಇದೆ. ಹರಿದದ್ದು, ಕಾಲರ್ ಸವೆದದ್ದು ದಾನದ ಚೀಲಕ್ಕೆ ಬೇಡ, ಅದು ನೆಲ ಒರೆಸಲಿಕ್ಕೆ. ಕೊಡುವ ಅಂಗಿಯನ್ನು ಒಗೆದು ಇಸ್ತ್ರಿ ಮಾಡಿ, ಗುಂಡಿ ಬಿದ್ದಿದ್ದರೆ ಹೊಲಿದಿಡಿ. ಸೀರೆಯೊಳಗೆ ಅದರದ್ದೇ ರವಿಕೆ, ಲಂಗ ಸೇರಿಸಿ ಮಡಚಿ. ಮಕ್ಕಳ ಬಟ್ಟೆಗೆ ವಯಸ್ಸು ಬರೆದ ಚೀಟಿ ಪಿನ್ ಮಾಡಿದರೆ ಹಂಚುವವರಿಗೆ ಸುಲಭ. ಚರ್ಚಿನಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆ ಎಂಬ ಸೇವಾ ಸಂಘ ಇದ್ದರೆ ಅವರನ್ನು ಮೊದಲೇ ವಿಚಾರಿಸಿ. ಬಡವರ ಮನೆಗೆ ಹೋಗಿ ಬರುವುದೇ ಅವರ ಕೆಲಸವಾದ್ದರಿಂದ ಯಾರಿಗೆ ಏನು ಬೇಕೆಂದು ಗೊತ್ತಿರುತ್ತದೆ. ಕೆಲವೊಮ್ಮೆ ಬಟ್ಟೆಗಿಂತ ಹೊದಿಕೆಯೋ ಅಕ್ಕಿಯೋ ಹೆಚ್ಚು ತುರ್ತು.

ಗಂಡನ ಹಳೇ ಶರ್ಟನ್ನು ಅವರನ್ನು ಕೇಳದೆ ಚೀಲಕ್ಕೆ ತುರುಕಬೇಡಿ, ಅದು ನಿಮ್ಮ ತ್ಯಾಗ ಅನ್ನಿಸಿಕೊಳ್ಳುವುದಿಲ್ಲ. ಮದುವೆಯ ಸೀರೆ, ಅಂದರೆ ಸಾಡೊ, ಮುಟ್ಟುವುದೂ ಬೇಡ. ಈಸ್ಟರ್‌ಗೆ ಹೊಸ ಬಟ್ಟೆ ತೆಗೆಯುವ ಯೋಚನೆ ಇದ್ದರೆ, ಚೀಲ ತಲುಪಿಸಿದ ಮೇಲೆ ಕಪಾಟಿನಲ್ಲಿ ಉಳಿದದ್ದನ್ನು ಒಮ್ಮೆ ಹಾಕಿ ನೋಡಿ, ಆಮೇಲೆ ಅಂಗಡಿಗೆ ಹೋಗಿ.