ಬಟ್ಟೆಗೆ ಮ್ಯಾಕ್ಸೀನ್ ಹಚ್ಚಿ 40 ಡಿಬಿ ಮುಟ್ಟಿಸಿದ್ದು: ನನ್ನ ಅನುಭವ

ರೇಡಿಯೋ ಅಲೆ ತಡೆಯಲೆಂದು ಪಾಲಿಯೆಸ್ಟರ್ ಬಟ್ಟೆಗೆ ಮ್ಯಾಕ್ಸೀನ್ (ವಿದ್ಯುತ್ ಹರಿಸುವ, ಅತಿ ತೆಳು ಹಾಳೆಗಳಂಥ ಟೈಟಾನಿಯಂ ಕಾರ್ಬೈಡ್) ಹಚ್ಚಿದರೆ ನಾಲ್ಕು ಸಲ ಮಡಚುವಷ್ಟರಲ್ಲಿ ಉದುರಿಹೋಗುತ್ತದೆ ಅಂದವರೇ ಹೆಚ್ಚು. ಮೊದಮೊದಲು ಹಾಗೇ ಆಯಿತು ಕೂಡ. ಈಗ ಅದೇ ಬಟ್ಟೆ 5 ಮಿಮೀ ತ್ರಿಜ್ಯದ ಸರಳಿನ ಮೇಲೆ ಸಾವಿರ ಸಲ ಬಗ್ಗಿದ ಮೇಲೂ ಎಕ್ಸ್ ಬ್ಯಾಂಡಿನಲ್ಲಿ (8ರಿಂದ 12 ಗಿಗಾಹರ್ಟ್ಸ್) ಅಲೆಗಳನ್ನು ಸುಮಾರು 37 ಡಿಬಿ ತಡೆಯುತ್ತಿದೆ. ಬಗ್ಗಿಸುವ ಮುಂಚೆ 40ರ ಆಸುಪಾಸು ಇತ್ತು, ಅಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಶಕ್ತಿ ಮಾತ್ರ ದಾಟುತ್ತಿತ್ತು.

ಎಚಿಂಗ್, ಅಂದರೆ ಮೂಲ ಪುಡಿಯಿಂದ ಅಲ್ಯೂಮಿನಿಯಂ ಪದರ ಕರಗಿಸಿ ಮ್ಯಾಕ್ಸೀನ್ ಪಡೆಯುವುದು, ಈ ಕೆಲಸ ಮಾಡುವ ಎಲ್ಲರಿಗೂ ಗೊತ್ತಿರುವುದೇ. 1 ಗ್ರಾಂ ಮ್ಯಾಕ್ಸ್ ಫೇಸ್ (ಆ ಮೂಲ ವಸ್ತು) ಪುಡಿ, 1.6 ಗ್ರಾಂ ಲಿಥಿಯಂ ಫ್ಲೋರೈಡ್, 20 ಮಿಲೀ 9 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ, 35 ಡಿಗ್ರಿ, 24 ಗಂಟೆ. ಪುಡಿಯನ್ನು ಚಿಟಿಕೆ ಚಿಟಿಕೆಯಾಗಿಯೇ ಹಾಕಬೇಕು, ಒಮ್ಮೆಲೇ ಸುರಿದರೆ ಉಕ್ಕುತ್ತದೆ. ಒಳಗೆ ಹುಟ್ಟುವುದು ಹೈಡ್ರೋಫ್ಲೋರಿಕ್ ಆಮ್ಲ. ಅದು ಗಾಜನ್ನೇ ತಿನ್ನುತ್ತದೆ, ಗಾಜಿನ ಪಾತ್ರೆ ಬೇಡವೇ ಬೇಡ, ಆಮ್ಲ ತಾಗಿದರೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಕೈಗೆಟುಕುವಲ್ಲೇ ಇರಲಿ.

ನಾನು ಎಡವಿದ್ದು ಬಟ್ಟೆಯಲ್ಲಿ. ಬೇಗ ಮುಗಿಯಲಿ ಅಂತ 20 ಮಿಗ್ರಾಂ/ಮಿಲೀ ಗಟ್ಟಿ ದ್ರಾವಣದಲ್ಲಿ ಒಂದೇ ಸಲ ಅದ್ದಿದೆ. ಒಣಗಿದಾಗ ನೂಲುಗಳ ನಡುವೆ ಹಕ್ಕಳೆ ಕಟ್ಟಿತು, ಬಗ್ಗಿಸಿದರೆ ಸದ್ದು ಮಾಡಿ ಬಿರುಕು ಬಿಟ್ಟಿತು. ದ್ರಾವಣವನ್ನು 5 ಮಿಗ್ರಾಂಗೆ ಇಳಿಸಿ, ಹನ್ನೆರಡು ಸಲ ಅದ್ದಿ, ಪ್ರತಿ ಸಲವೂ 60 ಡಿಗ್ರಿಯಲ್ಲಿ ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿದೆ. ಆಗ ಲೇಪ ಒಂದೊಂದು ಎಳೆಯನ್ನೂ ಸುತ್ತಿಕೊಂಡಿತು. ಆದರೆ ಅದಕ್ಕೂ ಮೊದಲು ಬಟ್ಟೆಗೆ ಪಾಲಿಡೋಪಮೈನ್ (ಮ್ಯಾಕ್ಸೀನನ್ನು ಹಿಡಿದಿಡುವ ಅಂಟಿನಂಥ ಪದರ) ಕೊಡದಿದ್ದರೆ ಎಷ್ಟು ಸಲ ಅದ್ದಿದರೂ ವ್ಯರ್ಥ. ಡೋಪಮೈನ್ 2 ಮಿಗ್ರಾಂ/ಮಿಲೀ, ಟ್ರಿಸ್ ಬಫರ್, ಪಿಎಚ್ 8.5, ಒಂದು ರಾತ್ರಿ. ಬಟ್ಟೆ ಕಂದು ಬಣ್ಣಕ್ಕೆ ತಿರುಗಿ, ನೀರಿನ ಹನಿ ಮೇಲೆ ನಿಲ್ಲದೆ ಇಂಗಿದರೆ ಸಿದ್ಧವಾಯಿತು ಅಂತ ಅರ್ಥ. ಏಳನೇ ಅದ್ದುವಿಕೆಯ ನಂತರ ಮಾಡುವ ಒಂದು ಕೆಲಸವಿದೆ, ಅದನ್ನು ಸದ್ಯಕ್ಕೆ ಇಲ್ಲಿ ಬರೆಯುವುದಿಲ್ಲ.

ದುಡ್ಡು ಹೋಗಿದ್ದು ಪುಡಿಗಲ್ಲ, ಬಟ್ಟೆ ಎಷ್ಟು ಅಲೆ ದಾಟಿಸುತ್ತದೆ ಅಂತ ಅಳೆಯುವ ಯಂತ್ರವಾದ ವಿಎನ್‌ಎ ಬಾಡಿಗೆಗೆ. ಗಂಟೆ ಲೆಕ್ಕದಲ್ಲಿ ಕೊಟ್ಟು, ಕೆಟ್ಟ ತುಂಡುಗಳನ್ನೇ ಅಳೆದು ಅರ್ಧ ಬಜೆಟ್ ಕಳೆದೆ. ಈಗ ಮೊದಲು ಫೋರ್ ಪಾಯಿಂಟ್ ಪ್ರೋಬ್ (ನಾಲ್ಕು ಮೊನೆಯ ಅಳತೆ ಸಾಧನ) ಇಟ್ಟು ಶೀಟ್ ರೆಸಿಸ್ಟೆನ್ಸ್, ಅಂದರೆ ತೆಳು ಲೇಪದ ವಿದ್ಯುತ್ ರೋಧ, ನೋಡುತ್ತೇನೆ. ತೆಳು ಲೇಪಕ್ಕೆ 188.5 ಅನ್ನು ಆ ಓಮ್‌ನಿಂದ ಭಾಗಿಸಿ, 1 ಕೂಡಿಸಿ, ಲಾಗ್ ತೆಗೆದು 20ರಿಂದ ಗುಣಿಸಿದರೆ ಸಾಕು: 10 ಓಮ್ ಇದ್ದರೆ 26 ಡಿಬಿ, 2 ಓಮ್ ಇದ್ದರೆ 40. ಮೂರು ಓಮ್‌ಗಿಂತ ಹೆಚ್ಚು ಬಂದ ತುಂಡು ವಿಎನ್‌ಎ ಹತ್ತಿರ ಹೋಗುವುದೇ ಇಲ್ಲ.

ನಡುವೆ ಕಾರ್ಬನ್ ನ್ಯಾನೋಟ್ಯೂಬ್ ಕೂಡ ಹಚ್ಚಿ ನೋಡಿದೆ. ಚದುರಿಸಲು ಹಾಕಿದ ಸರ್ಫಾಕ್ಟಂಟ್ (ಸೋಪಿನಂಥ ವಸ್ತು) ಎಷ್ಟು ತೊಳೆದರೂ ಪೂರ್ತಿ ಹೋಗಲಿಲ್ಲ, 40 ಓಮ್‌ಗಿಂತ ಕೆಳಗೆ ಇಳಿಯಲೇ ಇಲ್ಲ. 15 ಡಿಬಿಗೆ ಅಷ್ಟು ಶ್ರಮ ಬೇಡ. ಬೆಳ್ಳಿಯ ನ್ಯಾನೋವೈರ್ ಚೆನ್ನಾಗಿ ಬಂತು, ಆದರೆ ದುಬಾರಿ, ಮೇಲೆ ಗಂಧಕದ ಗಾಳಿ ತಗುಲಿದರೆ ಕಪ್ಪಾಗುತ್ತದೆ.

ಮ್ಯಾಕ್ಸೀನ್‌ಗೂ ತೇವ ಆಗದು. ಹೊರಗಿಟ್ಟ ದ್ರಾವಣ ಎರಡು ವಾರದಲ್ಲಿ ಬಿಳಿಚಿಕೊಂಡಿತು, ಟೈಟಾನಿಯಂ ಡೈಆಕ್ಸೈಡ್ ಆಗಿತ್ತು. ಆರ್ಗಾನ್ ತುಂಬಿ 4 ಡಿಗ್ರಿಯಲ್ಲಿಟ್ಟು ಬೇಗ ಬಳಸಿ. ತೇವ ತಡೆಯಲು ಬಟ್ಟೆಗೆ ತೆಳುವಾಗಿ ಪಿಡಿಎಂಎಸ್ (ವಿದ್ಯುತ್ ಹರಿಸದ ಸಿಲಿಕೋನ್ ರಬ್ಬರ್) ಹಚ್ಚಿದೆ, ಅಲ್ಲೇ ದೊಡ್ಡ ಪೆಟ್ಟು ಬಿತ್ತು. 2 ಓಮ್ ತುಂಡು, ಅಲೆ ಸಾಗಿಸುವ ಲೋಹದ ಕೊಳವೆಯಾದ ವೇವ್‌ಗೈಡ್‌ನಲ್ಲಿ ಬರೀ 22 ಡಿಬಿ ತೋರಿಸಿತು. ಲೇಪ ಕೆಟ್ಟಿರಲಿಲ್ಲ, ಅಂಚಿನಲ್ಲಿ ಪಿಡಿಎಂಎಸ್ ಅಡ್ಡ ಬಂದು ಫ್ಲಾಂಜಿಗೆ (ಕೊಳವೆಯ ಬಾಯಿಯ ಲೋಹದ ಚಪ್ಪಟೆ ಅಂಚು) ವಿದ್ಯುತ್ ಸಂಪರ್ಕವೇ ಇರಲಿಲ್ಲ, ಅಲೆಗಳು ಆ ಸಂದಿಯಿಂದ ಸೋರುತ್ತಿದ್ದವು. 10 ಗಿಗಾಹರ್ಟ್ಸ್‌ನಲ್ಲಿ 1.5 ಮಿಮೀ ಉದ್ದದ ಒಂದು ಸಂದಿ ಇದ್ದರೂ ತಡೆ 20 ಡಿಬಿಗೆ ಇಳಿಯುತ್ತದೆ. ಅಂದಿನಿಂದ ಸುತ್ತಲೂ 1 ಸೆಂಮೀ ಅಂಚಿಗೆ ಪಿಡಿಎಂಎಸ್ ತಾಕಿಸುವುದಿಲ್ಲ. ಪೆಟ್ಟಿಗೆಗೆ ಹಾಕುವಾಗ ಆ ಬರಿ ಅಂಚನ್ನು ವಾಹಕ ಅಂಟಿರುವ ತಾಮ್ರದ ಟೇಪಿನಿಂದ ಗ್ರೌಂಡ್‌ಗೆ ಜೋಡಿಸುತ್ತೇನೆ. ಮಾಮೂಲಿ ಅಂಟಿನ ತಾಮ್ರದ ಟೇಪು ನೋಡಲು ಒಂದೇ ಥರ ಇರುತ್ತದೆ. ಅಂಟಿಸುವ ಮುಂಚೆ ಅಂಟಿನ ಬದಿಗೆ ಮಲ್ಟಿಮೀಟರ್ ಇಟ್ಟು ನೋಡಿ.