ಪರದೆ ಆಮೇಲೆ ಒಗೆಯಿರಿ, ಮೊದಲು ಅತ್ತೆಯನ್ನು ಕೇಳಿ: ದತ್ತು ಹೋಮ್ ಸ್ಟಡಿಗೆ ಸಿದ್ಧತೆ

"ಬರೋ ಗುರುವಾರ ನಿಮ್ಮ ಮನೆಗೆ ಬರ್ತೀವಿ, ಇಬ್ರೂ ಇರಿ." ಫೋನಿನಲ್ಲಿ ಇಷ್ಟೇ ಹೇಳಿದ್ದು. ಅವತ್ತಿಂದಲೇ ನಮ್ಮ ಮನೆಯಲ್ಲಿ ಹಬ್ಬದ ಹಿಂದಿನ ದಿನದ ಗಡಿಬಿಡಿ. ಪರದೆ ಒಗೆದೆವು, ಅಟ್ಟದ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿದೆವು. ಬಂದ ಸಮಾಜ ಕಾರ್ಯಕರ್ತೆ ಪರದೆ ಕಡೆ ತಿರುಗಿಯೂ ನೋಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಅಮ್ಮಾ, ಮಗು ತರೋದು ನಿಮಗೆ ಒಪ್ಪಿಗೇನಾ?" ಎಂದು ಕೇಳಿದರು. ಆ ಪ್ರಶ್ನೆಯನ್ನು ನಾವು ಅವರಿಗೆ ಒಮ್ಮೆಯೂ ಕೇಳಿರಲಿಲ್ಲ.

ದತ್ತು ಕೊಡುವ ಮೊದಲು ಸಮಾಜ ಕಾರ್ಯಕರ್ತರು ಮನೆಗೆ ಬಂದು, ಮಾತಾಡಿಸಿ, ವರದಿ ಬರೆಯುವುದೇ ಹೋಮ್ ಸ್ಟಡಿ. ಅದು ಮನೆಯ ತಪಾಸಣೆ ಎಂದುಕೊಂಡೇ ಎಲ್ಲರೂ ಹೆದರುವುದು. ಅವರು ನೋಡುವುದು ಮನೆಯೊಳಗಿನ ಜನರನ್ನು.

ಮೊದಲು ಕಾಗದಪತ್ರ

ನಮ್ಮ ದೇಶದಲ್ಲಿ ಅನಾಥ ಅಥವಾ ಹೆತ್ತವರು ಬಿಟ್ಟುಕೊಟ್ಟ ಮಗುವನ್ನು ದತ್ತು ಪಡೆಯಲು ಕೇಂದ್ರ ಸರ್ಕಾರದ 'ಕಾರಾ' ಸಂಸ್ಥೆಯ ಪೋರ್ಟಲ್‌ನಲ್ಲೇ ಹೆಸರು ನೋಂದಾಯಿಸಬೇಕು. ಈಗ ನಡೆಯುತ್ತಿರುವುದು 2022ರ ದತ್ತು ನಿಯಮಗಳ ಪ್ರಕಾರ. ಯಾರೋ ನರ್ಸಿಂಗ್ ಹೋಮ್‌ನಲ್ಲಿ ಮಗು ಕೊಡಿಸುತ್ತೇನೆ ಅಂದರೆ ಆ ಕಡೆ ಹೋಗಲೇಬೇಡಿ. ಬಾಲನ್ಯಾಯ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು ಇದೆ.

ನೋಂದಣಿಯಾದ 30 ದಿನದೊಳಗೆ ದಾಖಲೆಗಳನ್ನು ಏರಿಸಬೇಕು. ಫೋಟೊ, ಪ್ಯಾನ್, ಹುಟ್ಟಿದ ದಿನಾಂಕ ಮತ್ತು ವಿಳಾಸದ ಪುರಾವೆ, ಕಳೆದ ವರ್ಷದ ಆದಾಯ, ವೈದ್ಯರ ಸರ್ಟಿಫಿಕೇಟ್, ಮದುವೆ ಪ್ರಮಾಣಪತ್ರ, ಪರಿಚಯದವರು ಅಥವಾ ನೆಂಟರಿಂದ ಎರಡು ಪತ್ರ. ಇಲ್ಲಿ ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಎರಡು ಕಡೆ. ಒಂದು, ಇನಿಷಿಯಲ್. ಆಧಾರ್‌ನಲ್ಲಿ ಹೆಸರಿನ ಹಿಂದೆ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು, ಮಾರ್ಕ್ಸ್ ಕಾರ್ಡ್‌ನಲ್ಲಿ ಊರಿನ ಹೆಸರೂ ಸೇರಿರುತ್ತದೆ. ಮೊದಲೇ ಸರಿ ಮಾಡಿಸಿ. ಇನ್ನೊಂದು, ಮದುವೆ ನೋಂದಣಿ. ಛತ್ರದಲ್ಲಿ ಸಾವಿರ ಜನರ ಮುಂದೆ ತಾಳಿ ಕಟ್ಟಿರುತ್ತಾರೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಮಾತ್ರ ಹೋಗಿರುವುದಿಲ್ಲ.

ದಾಖಲೆ ಏರಿಸಿ ನೋಂದಣಿ ಪೂರ್ತಿಯಾದ ದಿನದಿಂದ ನಿಮ್ಮ ಸರದಿ ಲೆಕ್ಕ. ಹಾಗಾಗಿ ತಡ ಮಾಡಿದಷ್ಟೂ ನಿಮಗೇ ನಷ್ಟ.

ವಯಸ್ಸನ್ನೂ ಒಮ್ಮೆ ಲೆಕ್ಕ ಹಾಕಿಕೊಳ್ಳಿ. 2 ವರ್ಷದೊಳಗಿನ ಮಗು ಬೇಕಿದ್ದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿದಾಗ 85 ದಾಟಿರಬಾರದು, ಒಂಟಿ ಪೋಷಕರಾದರೆ 40. ದೊಡ್ಡ ಮಕ್ಕಳಿಗೆ ಈ ಮಿತಿ ಸಡಿಲ. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ದತ್ತು ಕೊಡುವುದಿಲ್ಲ.

ಇಬ್ಬರೇ ಕೂತು ಮಾತಾಡಿ

ದಾಖಲೆ ಸಲ್ಲಿಸಿದ 60 ದಿನದೊಳಗೆ ಹೋಮ್ ಸ್ಟಡಿ ಮುಗಿಯಬೇಕು ಎಂದು ನಿಯಮ. ದತ್ತು ಸಂಸ್ಥೆಯಿಂದಲೋ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದಲೋ ಬರುತ್ತಾರೆ. ಗಂಡ ಹೆಂಡತಿಯನ್ನು ಒಟ್ಟಿಗೂ ಮಾತಾಡಿಸುತ್ತಾರೆ, ಬೇರೆ ಬೇರೆಯಾಗಿಯೂ ಮಾತಾಡಿಸುತ್ತಾರೆ. ಗುಟ್ಟೆಲ್ಲ ಹೊರಬೀಳುವುದು ಬೇರೆ ಬೇರೆ ಕೂರಿಸಿದಾಗಲೇ. ಒಬ್ಬರು "ಹೆಣ್ಣು ಗಂಡು ಯಾವುದಾದ್ರೂ ಸರಿ" ಅನ್ನುತ್ತಾರೆ, ಇನ್ನೊಬ್ಬರು "ಅವರಿಗೆ ಗಂಡೇ ಆಗ್ಬೇಕು" ಅನ್ನುತ್ತಾರೆ!

ಹಾಗಾಗಿ ಮೊದಲೇ ಇಬ್ಬರೇ ಒಂದು ಸಂಜೆ ಕೂತು ಮಾತಾಡಿ. ಉತ್ತರ ಬಾಯಿಪಾಠ ಮಾಡಲು ಅಲ್ಲ. ಯಾಕೆ ಮಗು ಬೇಕು? ಚಿಕಿತ್ಸೆ ಇನ್ನೂ ನಡೆಯುತ್ತಿದೆಯಾ, ನಿಲ್ಲಿಸಿದ್ದೀರಾ? ಮಗು ಆಗಲಿಲ್ಲ ಎಂಬ ನೋವು ಇನ್ನೂ ಹಸಿಯಾಗಿದ್ದರೆ ಹೇಳಿಕೊಳ್ಳಿ, ಅದರಿಂದ ಅಂಕ ಕಡಿಮೆಯಾಗುವುದಿಲ್ಲ. ಇಬ್ಬರೂ ಕೆಲಸಕ್ಕೆ ಹೋದರೆ ಹಗಲು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಆಫೀಸಿನಲ್ಲಿ ರಜೆ ಎಷ್ಟು ಸಿಗುತ್ತದೆ ಎಂದು ವಿಚಾರಿಸಿದ್ದೀರಾ? ಮಗುವಿಗೆ ಏನಾದರೂ ತೊಂದರೆ ಇದ್ದರೆ ಎಷ್ಟರಮಟ್ಟಿಗೆ ನಿಭಾಯಿಸಬಲ್ಲಿರಿ? ನಿಮ್ಮಿಬ್ಬರಿಗೂ ಏನಾದರೂ ಆದರೆ ಮಗುವಿಗೆ ಯಾರು?

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಬೇರೆ ಇದೆ: "ದತ್ತು ಅಂತ ಮಗುವಿಗೆ ಹೇಳ್ತೀರಾ?" ಬೇರೆ ಊರಿಗೆ ಮನೆ ಬದಲಿಸಿ, ಯಾರಿಗೂ ಗೊತ್ತಾಗದ ಹಾಗೆ ಬೆಳೆಸೋಣ ಎಂದು ಯೋಚಿಸುವವರು ಇನ್ನೂ ಇದ್ದಾರೆ. ಇದು ನಡೆಯುವ ಮಾತಲ್ಲ. ಯಾವುದೋ ಮದುವೆಮನೆಯಲ್ಲಿ ಯಾವುದೋ ದೊಡ್ಡಮ್ಮ ಬಾಯಿಬಿಟ್ಟೇ ಬಿಡುತ್ತಾರೆ. ಮಾತು ಬರುವ ಮುಂಚಿನಿಂದಲೇ ಮಗುವಿಗೆ ಅದರದ್ದೇ ಕತೆ ಹೇಳುತ್ತಾ ಬರುವುದು ಒಳ್ಳೆಯದು.

ಮನೆಯ ಹಿರಿಯರು

ನಮ್ಮತ್ತೆ ಅವತ್ತು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರ್ಲಿ ಪಾಪ, ಆದ್ರೆ ಯಾವ ಜಾತಿ ಅಂತ ಗೊತ್ತಾಗುತ್ತಾ?" ಅಂದರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕು ಅನ್ನಿಸಿತು. ಸಮಾಜ ಕಾರ್ಯಕರ್ತೆ ಬೇಜಾರು ಮಾಡಿಕೊಳ್ಳಲಿಲ್ಲ. "ನಿಮ್ಮ ಮನೇಲಿ ಬೆಳೆದ್ಮೇಲೆ ನಿಮ್ಮ ಮಗೂನೇ ಅಲ್ವಾ ಅಮ್ಮಾ?" ಎಂದು ಕೇಳಿ, ಅರ್ಧ ಗಂಟೆ ಅವರ ಜೊತೆಗೇ ಮಾತಾಡುತ್ತಾ ಕೂತರು. ಹಿರಿಯರ ಬಾಯಿಗೆ ಬೀಗ ಹಾಕಿ ಒಳಗೆ ಕಳಿಸುವುದಕ್ಕಿಂತ, ಇರುವ ಅನುಮಾನ ಮೇಲೆ ಬರುವುದೇ ವಾಸಿ. ಮನೆಯಲ್ಲಿ ಮೊದಲೇ ಮಗುವಿದ್ದರೆ ಅದನ್ನೂ ಕೇಳಬೇಕು. 5 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನು ದಾಖಲೆಯಲ್ಲೇ ಕೊಡಬೇಕಾಗುತ್ತದೆ.

ಆ ದಿನ

ಬಾಡಿಗೆ ಮನೆಯಾದರೂ ಅಡ್ಡಿಯಿಲ್ಲ. ಮಗುವಿಗೆ ಬೇರೆ ರೂಮು ಬೇಕೆಂದೂ ಇಲ್ಲ, ನಮ್ಮಲ್ಲಿ ಮಕ್ಕಳು ಮಲಗುವುದೇ ಅಪ್ಪ ಅಮ್ಮನ ಮಧ್ಯೆ. ಸಂಪಿನ ಮುಚ್ಚಳ ಭದ್ರವಾಗಿದೆಯಾ, ಬಾಲ್ಕನಿಗೆ ಗ್ರಿಲ್ ಇದೆಯಾ, ಫಿನಾಯಿಲ್ ಬಾಟಲಿ ನೆಲದ ಮೇಲೇ ಇದೆಯಾ, ಇಷ್ಟು ನೋಡಿಕೊಂಡರೆ ಸಾಕು. ಮೂಲ ದಾಖಲೆಗಳು ಒಂದೇ ಫೈಲಿನಲ್ಲಿರಲಿ. ಬಿಪಿ, ಶುಗರ್, ಸಾಲ, ಯಾವುದನ್ನೂ ಮುಚ್ಚಿಡಬೇಡಿ. ಸಾಲ ಇರುವುದು ತಪ್ಪಲ್ಲ, ಆದಾಯದಲ್ಲಿ ಸಂಸಾರ ತೂಗುತ್ತದಾ ಎಂದು ನೋಡುತ್ತಾರೆ. ಕಾಫಿ ಕೊಡಿ, ಆದರೆ ಕವರು ಕೊಡಬೇಡಿ. ನಿಗದಿಯಾದ ಶುಲ್ಕ ಬಿಟ್ಟು ಬೇರೆ ಯಾವ ದುಡ್ಡೂ ಇಲ್ಲ, ಅದಕ್ಕೂ ರಸೀದಿ ಕೇಳಿ.

ಕನ್ನಡವೇ ಸರಾಗ ಅನ್ನಿಸಿದರೆ ಕನ್ನಡದಲ್ಲೇ ಮಾತಾಡಿ. ವಿದೇಶದಲ್ಲಿರುವ ನಮ್ಮವರಿಗೆ ದಾರಿ ಬೇರೆ. ಅಲ್ಲಿನ ಮಾನ್ಯತೆ ಪಡೆದ ಸಂಸ್ಥೆ ಈ ಅಧ್ಯಯನ ಮಾಡುತ್ತದೆ.

ವರದಿ ಬಂದ ಮೇಲೆ

ವರದಿಯನ್ನು ನಿಮಗೂ ಕೊಡುತ್ತಾರೆ. ಸಾಲುಸಾಲಾಗಿ ಓದಿ. ನಮ್ಮದರಲ್ಲಿ ಸಂಬಳದ ಅಂಕಿಯೊಂದು ತಪ್ಪಾಗಿತ್ತು, ಹೇಳಿದ ಮೇಲೆ ತಿದ್ದಿದರು. ಅನರ್ಹ ಎಂದು ಬಂದರೆ ಕಾರಣ ಬರೆದಿರುತ್ತಾರೆ, ಮೇಲ್ಮನವಿ ಸಲ್ಲಿಸಬಹುದು.

ವರದಿ 3 ವರ್ಷ ಚಾಲ್ತಿಯಲ್ಲಿರುತ್ತದೆ. ಚಿಕ್ಕ ಮಗು ಬೇಕೆಂದವರು ಅಷ್ಟೂ ವರ್ಷ ಕಾಯುವುದು ಅಪರೂಪವೇನಲ್ಲ. ಆ ಮಧ್ಯೆ ಮನೆ, ಕೆಲಸ, ಫೋನ್ ನಂಬರ್ ಯಾವುದೇ ಬದಲಾದರೂ ತಿಳಿಸಿ. ಸರದಿ ಬಂದು ಮಗುವಿನ ವಿವರ ಸಿಕ್ಕಾಗ ಒಪ್ಪಿಗೆ ಕೊಡಲು ಇರುವುದು 48 ಗಂಟೆ ಮಾತ್ರ. ಜಾತಿ ಕೇಳಿದ್ದ ನಮ್ಮತ್ತೆ ಕಾದಷ್ಟು ದಿನವೂ ರಾತ್ರಿ ಮಲಗುವ ಮುಂಚೆ ಒಂದು ಸಲ ಬಂದು, ನನ್ನ ಫೋನ್ ಚಾರ್ಜಿಗೆ ಹಾಕಿದೆಯಾ ಎಂದು ನೋಡಿಕೊಂಡು ಹೋಗುತ್ತಿದ್ದರು.